ಗೀರಣ್ಣ ಎಚ್ಚರವಿದ್ದ ದಿನ

ಎಲ್ಲದಕ್ಕೂ ಮೂಲ ಒಂದು ಟೆನಿಸ್ ಚೆಂಡು. ಗೀರಣ್ಣನ ಹೆಂಡತಿ ಅದನ್ನು ಹಳೆಯ ಕಾಲುಚೀಲದೊಳಗೆ ತುರುಕಿ ಗಂಡನ ಬನಿಯನ್ನಿನ ಬೆನ್ನಿಗೆ ಹೊಲಿದುಬಿಟ್ಟಿದ್ದಳು. ಅಂಗಾತ ಮಲಗಿದರೆ ಚೆಂಡು ಒತ್ತುತ್ತದೆ, ಒತ್ತಿದರೆ ಮನುಷ್ಯ ಮಗ್ಗುಲಾಗುತ್ತಾನೆ, ಮಗ್ಗುಲಾದರೆ ಉಸಿರು ಕಟ್ಟುವುದು ಕಡಿಮೆಯಾಗುತ್ತದೆ ಎಂಬುದು ಅವಳ ಲೆಕ್ಕ. ಲೆಕ್ಕವೇನೋ ಸರಿಯಾಗಿಯೇ ಇತ್ತು. ಆದರೆ ಗೀರಣ್ಣ ರಾತ್ರಿಯಿಡೀ ದಡಕ್ಕೆ ಬಿದ್ದ ಮೀನಿನಂತೆ ಹೊರಳಾಡಿ, ಇದ್ದ ಅರೆಬರೆ ನಿದ್ದೆಯನ್ನೂ ಕಳೆದುಕೊಂಡ. ಬೆಳಗ್ಗೆ ಎದ್ದಾಗ ಅವನ ಕಣ್ಣುಗಳು ಬಸ್ಸಿನ ಹಿಂಬದಿಯ ದೀಪಗಳಂತೆ ಕೆಂಪಗೆ ಉರಿಯುತ್ತಿದ್ದವು.

ಅದೂ ಯಾವ ದಿನ? ಅಪಘಾತವಿಲ್ಲದೆ ಬಸ್ಸು ಓಡಿಸಿದ್ದಕ್ಕೆ ಡಿಪೋದಲ್ಲಿ ಅವನಿಗೆ ಸನ್ಮಾನವಾಗುವ ದಿನ!

ಗೀರಣ್ಣ ಎಂಬುದು ಅವನ ನಿಜವಾದ ಹೆಸರಲ್ಲ. ಇಪ್ಪತ್ತು ಚಿಲ್ಲರೆ ವರ್ಷ ಬಸ್ಸು ಓಡಿಸಿಯೂ ಅದರ ಮೈಗೆ ಒಂದು ಗೀರು ಬೀಳಗೊಡದ ಡ್ರೈವರಿಗೆ, ಬೋಳುತಲೆಯವನನ್ನು ಜಡೆಯಪ್ಪ ಎಂದು ಕರೆದ ಹಾಗೆ, ಡಿಪೋದ ಜನ ಪ್ರೀತಿಯಿಂದ ಇಟ್ಟ ಹೆಸರು ಅದು. ಅಂಥವನು ಕೆಲವು ತಿಂಗಳ ಹಿಂದೆ ಕೆಂಪು ದೀಪ ಕಂಡು ಬಸ್ಸು ನಿಲ್ಲಿಸಿದ; ಹಸಿರು ಬರುವಷ್ಟರಲ್ಲಿ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ಹಿಂದಿನವರ ಹಾರನ್ನಿಗೆ ಬೆಚ್ಚಿಬಿದ್ದು ಎದ್ದ. ಯಾರಿಗೂ ಏನೂ ಆಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಮುಚ್ಚಿಹಾಕುತ್ತಿದ್ದರು. ಗೀರಣ್ಣ ಬಸ್ಸನ್ನು ನೆಟ್ಟಗೆ ಡಿಪೋಗೆ ತಂದು ನಿಲ್ಲಿಸಿ, ಬೀಗದ ಕೈಯನ್ನು ಮ್ಯಾನೇಜರರ ಮೇಜಿನ ಮೇಲಿಟ್ಟ.

"ಸಾರ್, ನನ್ನ ಕಣ್ಣು ನನ್ನ ಮಾತು ಕೇಳ್ತಿಲ್ಲ. ಕೇಳೋವರೆಗೂ ನಾನು ಸೀಟು ಹತ್ತಲ್ಲ."

ಆಸ್ಪತ್ರೆಯವರು ಮೈಗೆಲ್ಲ ವೈರು ಅಂಟಿಸಿ ಮಲಗಿಸಿ ನೋಡಿ, ಇದು ನಿದ್ದೆಯಲ್ಲಿ ಉಸಿರು ನಿಂತು ನಿಂತು ಹೋಗುವ ಕಾಯಿಲೆ ಎಂದರು. ಗಂಟಲು ಮುಚ್ಚಿಕೊಳ್ಳುತ್ತದೆ, ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ, ಹೀಗೆ ರಾತ್ರಿಯಿಡೀ ಜಗ್ಗಾಟ. ಹಾಗಾಗಿ ಹಗಲೆಲ್ಲ ತೂಕಡಿಕೆ. ಮೂಗಿಗೆ ಮುಖವಾಡ ಹಾಕಿ ಗಾಳಿ ಊದುವ ಯಂತ್ರವೊಂದಿದೆ, ಅದನ್ನು ಹಾಕಿಕೊಂಡು ಮಲಗಿದರೆ ಮತ್ತೆ ಬಸ್ಸು ಹತ್ತಬಹುದು. ಯಂತ್ರ ಬಂದ ಕೂಡಲೇ ಹೇಳಿ ಕಳಿಸುತ್ತೇವೆ ಎಂದರು. ಅಂದಿನಿಂದ ಗೀರಣ್ಣ ಬಸ್‌ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಮೈಕು ಹಿಡಿದು ಕೂತು, ತನ್ನ ಬಸ್ಸನ್ನು ಬೇರೆಯವರು ಓಡಿಸಿಕೊಂಡು ಹೋಗುವುದನ್ನು ಮಗಳನ್ನು ಗಂಡನ ಮನೆಗೆ ಕಳಿಸಿದ ತಂದೆಯಂತೆ ನೋಡುತ್ತಿದ್ದ.

"ರೀ, ಚೆಂಡು ಹೇಗಿತ್ತು?" ಹೆಂಡತಿ ಆಸೆಯಿಂದ ಕೇಳಿದಳು.

"ಚೆಂಡು ಚೆನ್ನಾಗಿ ನಿದ್ದೆ ಮಾಡ್ತು ಕಣೇ. ನನಗೇ ಬರಲಿಲ್ಲ."

ಮಹಡಿ ಮನೆಯ ಬ್ಯಾಂಡ್ ಮೇಷ್ಟ್ರು ಅಷ್ಟರಲ್ಲಿ ಕಹಳೆ ಹಿಡಿದು ಇಳಿದು ಬಂದರು. ಊದುವವರ ಗಂಟಲು ಉಕ್ಕಿನಂತಿರುತ್ತದೆ, ಮುಚ್ಚಿಕೊಳ್ಳುವುದಿಲ್ಲ ಎಂಬುದು ಅವರ ವಾದ. "ಯಂತ್ರ ಬಂದಾಗ ಬರಲಿ, ಅಲ್ಲೀತನಕ ಇದನ್ನ ಊದಪ್ಪ" ಎಂದು ಬಾಯಿಗೆ ತುರುಕಿದರು. ಗೀರಣ್ಣ ಶಕ್ತಿಯೆಲ್ಲ ಬಿಟ್ಟು ಊದಿದ. ಹೊರಟ ಸದ್ದಿಗೆ ಎದುರು ಮನೆಯ ನಾಯಿ ಮಂಚದಡಿ ಸೇರಿತು; ಪಕ್ಕದ ಮನೆಯ ಅಜ್ಜಿ ಕಿಟಕಿಯಿಂದ ತಲೆ ಹಾಕಿ, "ಯಾರಿಗೆ ಏನಾಯ್ತಪ್ಪಾ? ಬಾಯಿಗೆ ನೀರು ಬಿಡಿ!" ಎಂದು ಕೂಗಿದರು.

ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ಗೀರಣ್ಣ ವಿಚಾರಣೆ ಕಿಟಕಿ ಸೇರಿದಾಗ, ಅವನ ಹಳೆಯ ಜೊತೆಗಾರ ಕಂಡಕ್ಟರು ಅಲ್ಲೇ ಕಾದು ನಿಂತಿದ್ದ. ಊರಿನ ಸುದ್ದಿಯೆಲ್ಲ ಮೊದಲು ಅವನ ಕಿವಿಗೆ ಬಿದ್ದು, ಆಮೇಲೆ ಉಪ್ಪುಖಾರ ಹಚ್ಚಿಕೊಂಡು ಮುಂದೆ ಹೋಗುತ್ತಿತ್ತು.

"ಅಣ್ಣಾ, ಇವತ್ತಿನ ಮುಖ್ಯ ಅತಿಥಿ ಯಾರು ಗೊತ್ತಾ? ದೊಡ್ಡಾಸ್ಪತ್ರೆ ಡಾಕ್ಟ್ರಮ್ಮ. ಪದಕ ಕೊಡೋದೆಲ್ಲ ನೆಪ. ಆಯಮ್ಮ ಬರ್ತಿರೋದು ನಿನ್ನನ್ನ ಕಣ್ಣಾರೆ ನೋಡೋಕಂತೆ."

"ನನ್ನನ್ನಾ? ಯಾಕೋ?"

"ಇನ್ಯಾಕೆ? ವೇದಿಕೆ ಮೇಲೆ ನೀನೊಂದು ಸಲ ತೂಕಡಿಸಿದೆ ಅಂತಿಟ್ಕೋ, ಮುಗೀತು. ಈ ಜನ್ಮಕ್ಕೆ ಸ್ಟೇರಿಂಗ್ ಮುಟ್ಟಬೇಡ ಅಂತ ಬರೆದುಕೊಟ್ಟುಬಿಡ್ತಾರೆ."

ಗೀರಣ್ಣ ಹೆದರಿ ಕಣ್ಣಿಗೆ ನೀರು ಚಿಮುಕಿಸಿಕೊಂಡ. ಆದರೆ ನಿದ್ದೆಗೆಟ್ಟವನ ಭಯಕ್ಕೂ ಆಯಸ್ಸು ಕಡಿಮೆ. ಕಂಡಕ್ಟರು ಅತ್ತ ಹೋಗುತ್ತಲೇ ಇವನ ಗಲ್ಲ ಮೈಕಿನ ಮೇಲೆ ಒರಗಿತು. ಸ್ವಲ್ಪ ಹೊತ್ತಿಗೆ ಇಡೀ ನಿಲ್ದಾಣದ ಲೌಡ್‌ಸ್ಪೀಕರುಗಳಿಂದ 'ಗರ್‌ರ್‌ರ್... ಗರ್‌ರ್‌ರ್‌ರ್...' ಎಂಬ ಗಂಭೀರ ಧ್ವನಿ ಹೊರಟಿತು. ಕೂತಿದ್ದ ಪ್ರಯಾಣಿಕರೆಲ್ಲ ಧಡಬಡ ಎದ್ದರು. "ಹೊರಟಿತು, ಹೊರಟಿತು! ಬ್ಯಾಗ್ ತಗೋ, ಓಡು!" ಎಂದು ಒಂದು ಸಂಸಾರ ಆ ಕಡೆ, ಇನ್ನೊಂದು ಸಂಸಾರ ಈ ಕಡೆ. ಬಸ್ಸಿನಡಿ ಮಲಗಿ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ ಮಾತ್ರ ಹೊರಗೆ ಬಂದು ಕಿವಿಗೊಟ್ಟು ಕೇಳಿ, "ಯಾವುದಯ್ಯಾ ಈ ಗಾಡಿ? ಎಳೀತಾ ಎಳೀತಾ ನಡುವೆ ಆಫ್ ಆಗ್ತಿದೆ. ಇದನ್ನ ರೋಡಿಗೆ ಬಿಡಬೇಡಿ" ಎಂದ. ಡಾಕ್ಟರುಗಳು ವೈರು ಹಚ್ಚಿ ಕಂಡುಹಿಡಿದದ್ದೂ ಇದನ್ನೇ.

ಮ್ಯಾನೇಜರರು ಬಂದು ಮೈಕಿನ ವೈರು ಕಿತ್ತರು. ದುಂಡಗಿನ ಮನುಷ್ಯ, ಕತ್ತು ಎಂಬುದೊಂದು ಇದೆಯೋ ಇಲ್ಲವೋ ಎನ್ನಿಸುವ ಹಾಗೆ ತಲೆ ನೇರವಾಗಿ ಹೆಗಲ ಮೇಲೇ ಕೂತಿತ್ತು. "ನನ್ನ ನೋಡಿ ಕಲೀರಿ ಕಣ್ರೀ. ಇಷ್ಟು ದೊಡ್ಡ ಡಿಪೋ ಹೊತ್ಕೊಂಡಿದೀನಿ, ಒಂದು ದಿನ ಕಣ್ಣು ಮುಚ್ಚಿದೀನಾ? ಇದು ಕಾಯಿಲೆ ಅಲ್ಲ, ಮನಸ್ಸು ಗಟ್ಟಿ ಇಲ್ಲ, ಅಷ್ಟೇ. ಮಧ್ಯಾಹ್ನ ನನ್ನ ಮಾನ ಕಳೀಬೇಡಿ."

ಮಧ್ಯಾಹ್ನ, ಊಟ ಮುಗಿದು, ದೇವರಿಗೂ ಜೊಂಪು ಹತ್ತುವ ಹೊತ್ತಿಗೆ ಸರಿಯಾಗಿ ಸಭೆ ಶುರುವಾಯಿತು. ಡಿಪೋದ ದೊಡ್ಡ ಷೆಡ್ಡಿನಲ್ಲಿ ಬಸ್ಸುಗಳನ್ನು ಸರಿಸಿ ಕುರ್ಚಿ ಹಾಕಿದ್ದರು. ವೇದಿಕೆಯ ಮೇಲೆ ಮೂರು ಮೆತ್ತನೆಯ ಕುರ್ಚಿಗಳು. ಒಂದರಲ್ಲಿ ಮ್ಯಾನೇಜರರು, ಇನ್ನೊಂದರಲ್ಲಿ ಕನ್ನಡಕದ ಮೇಲಿನಿಂದ ಜನರನ್ನು ನೋಡುವ ಡಾಕ್ಟ್ರಮ್ಮ, ನಡುವೆ ಗೀರಣ್ಣ. ಮುಂದಿನ ಸಾಲಿನಲ್ಲಿ ಅವನ ಹೆಂಡತಿ ಕೂತಿದ್ದಳು. ಕಂಡಕ್ಟರು ಹಿಂದಿನ ಪರದೆಯ ಮರೆಯಲ್ಲಿದ್ದ. ಗೀರಣ್ಣನ ಕಾಲಿಗೆ ಕಟ್ಟಿದ ಸಣ್ಣ ದಾರದ ತುದಿ ಅವನ ಕೈಯಲ್ಲಿತ್ತು.

"ತಲೆ ಜೋಲ್ತು ಅಂದ್ರೆ ಎಳೀತೀನಿ. ನೀನು ಧೈರ್ಯವಾಗಿರಣ್ಣ" ಎಂದಿದ್ದ.

ಮ್ಯಾನೇಜರರು ಮಾತಿಗೆ ಎದ್ದರು. ರಸ್ತೆಯ ಹುಟ್ಟಿನಿಂದ ಆರಂಭಿಸಿ ಚಕ್ರದ ಹುಟ್ಟಿಗೆ ಬರುವಷ್ಟರಲ್ಲಿ ಗೀರಣ್ಣನ ರೆಪ್ಪೆ ಇಳಿಯಿತು. ದಾರ ಜಗ್ಗಿತು. ಕಾಲು ಕುದುರೆಯ ಕಾಲಿನಂತೆ ಹಿಂದಕ್ಕೆ ಚಿಮ್ಮಿ, ಆ ಎಳೆತಕ್ಕೆ ಗೀರಣ್ಣನೂ ಎದ್ದು ನಿಂತುಬಿಟ್ಟ. ಸಭೆಯೆಲ್ಲ ನೋಡುತ್ತಿದೆ, ಏನು ಮಾಡುವುದು? ಜೋರಾಗಿ ಚಪ್ಪಾಳೆ ತಟ್ಟಿದ. ಸನ್ಮಾನಿತನೇ ಎದ್ದು ತಟ್ಟಿದ ಮೇಲೆ ಸಭೆಯೂ ತಟ್ಟಿತು. ಮ್ಯಾನೇಜರರ ಮುಖ ಅರಳಿತು. ಮುಗಿಸಬೇಕೆಂದಿದ್ದ ಮಾತನ್ನು ಅವರು ಇಂಜಿನ್ನಿನ ಹುಟ್ಟಿಗೆ ತಿರುಗಿಸಿದರು. ಮತ್ತೆ ರೆಪ್ಪೆ ಇಳಿಯಿತು, ಮತ್ತೆ ದಾರ, ಮತ್ತೆ ಚಪ್ಪಾಳೆ. ಭಾಷಣ ಬ್ರೇಕು ಕಳಚಿದ ಲಾರಿಯಂತೆ ಇಳಿಜಾರಿನಲ್ಲಿ ಓಡತೊಡಗಿತು.

ಆಮೇಲೆ ದಾರ ಜಗ್ಗುವುದು ನಿಂತಿತು. ಗೀರಣ್ಣ ಮೆಲ್ಲಗೆ ಓರೆಗಣ್ಣಿಂದ ಪರದೆಯ ಸಂದಿಯಲ್ಲಿ ನೋಡಿದ. ಭಾಷಣದ ಹೊಡೆತ ತಾಳಲಾರದೆ ಕಂಡಕ್ಟರು ಟಿಕೆಟ್ ಚೀಲವನ್ನೇ ದಿಂಬು ಮಾಡಿಕೊಂಡು ನೆಲದ ಮೇಲೆ ಬಿದ್ದುಕೊಂಡಿದ್ದ.

ಇನ್ನು ತನಗೆ ತಾನೇ ಗತಿ. ಗೀರಣ್ಣ ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದ. ಹಿಡಿದದ್ದೇ ತಡ, ಅಂಗೈಗೆ ಸ್ಟೇರಿಂಗಿನ ನೆನಪಾಯಿತು. ಎದುರಿನ ಕುರ್ಚಿಗಳ ನಡುವಿನ ದಾರಿ ರಸ್ತೆಯಂತೆ ಕಂಡಿತು. ಬಲಗಾಲು ತಾನಾಗಿ ಬ್ರೇಕಿನ ಜಾಗ ಹುಡುಕಿತು. ಬೆನ್ನ ಹಿಂದೆ ಒಂದು ಬಸ್ಸು ಜನ ಮಲಗಿದ್ದಾರೆ: ಮಗುವನ್ನು ತೊಡೆಯ ಮೇಲೆ ಹಾಕಿಕೊಂಡ ತಾಯಿ, ಪರೀಕ್ಷೆಗೆ ಹೊರಟ ಹುಡುಗಿ, ಬಾಯಿ ತೆರೆದು ಮಲಗಿದ ಮುದುಕ. ಡ್ರೈವರನ ಮುಖವನ್ನೇ ನೋಡದೆ ಅವನನ್ನು ನಂಬಿ ಮಲಗಿದವರು. ಇಷ್ಟು ವರ್ಷ ಅವರೆಲ್ಲ ನಿದ್ದೆ ಮಾಡಿದ್ದು ತಾನು ಎಚ್ಚರವಿದ್ದದ್ದರಿಂದ. ಈಗ ಕಣ್ಣು ಮುಚ್ಚುವುದುಂಟೇ? ಗೀರಣ್ಣನ ಬೆನ್ನು ನೆಟ್ಟಗಾಯಿತು. ಕೆಂಡದಂತಹ ಕಣ್ಣುಗಳು ಅಗಲವಾಗಿ ತೆರೆದು ಹಾಗೇ ನಿಂತವು. ನೊಣವೊಂದು ಬಂದು ಮೂಗಿನ ಮೇಲೆ ಕೂತು, ಅಲುಗಾಡದ ಮನುಷ್ಯನನ್ನು ಕಂಡು ತಾನೇ ಬೇಸರಪಟ್ಟು ಹಾರಿಹೋಯಿತು.

ಮ್ಯಾನೇಜರರು ಕೂತರು. ಡಾಕ್ಟ್ರಮ್ಮ ಎದ್ದು ರಸ್ತೆ ಸುರಕ್ಷತೆಯ ಬಗ್ಗೆ ಮೆಲುದನಿಯಲ್ಲಿ ಮಾತಾಡತೊಡಗಿದರು. ಲಾಲಿ ಹಾಡಿದರೂ ಇಷ್ಟು ಹಿತವಾಗಿರಲಾರದು. ಆಗ ಕೇಳಿಸಿತು: 'ಗರ್‌ರ್‌ರ್...'

ಗೀರಣ್ಣನ ಜೀವವೇ ಹಾರಿಹೋಯಿತು. ಅಯ್ಯೋ, ಕಣ್ಣು ಬಿಟ್ಟುಕೊಂಡೇ ಗೊರಕೆ ಹೊಡೆಯುತ್ತಿದ್ದೇನೆಯೇ? ತೊಡೆ ಚಿವುಟಿಕೊಂಡ. ನೋವಾಯಿತು. ಉಸಿರು ಬಿಗಿಹಿಡಿದ. ಗೊರಕೆ ನಿಲ್ಲಲಿಲ್ಲ. ಸಭೆ ಕಿಸಕ್ಕನೆ ನಕ್ಕಿತು. ಎಲ್ಲರೂ ತನ್ನತ್ತ ಅಲ್ಲ, ತನ್ನ ಪಕ್ಕಕ್ಕೆ ನೋಡುತ್ತಿದ್ದಾರೆ. ಮ್ಯಾನೇಜರರ ಗಲ್ಲ ಎದೆಗೆ ತಾಗಿ, ಬಾಯಿ ತೆರೆದು, ಇಡೀ ಡಿಪೋದ ಭಾರ ಇಳಿಸಿದವರಂತೆ ಅವರು ಒಂದು ಪಕ್ಕಕ್ಕೆ ವಾಲಿದ್ದರು.

ಗೀರಣ್ಣ ಮೆಲ್ಲಗೆ ಮೊಣಕೈಯಿಂದ ತಿವಿದ. "ಸಾರ್, ಸಾರ್... ಸ್ಟಾಪ್ ಬಂತು, ಏಳಿ."

"ಹಾಂ? ಇಳೀತೀನಿ, ಇಳೀತೀನಿ" ಎಂದು ಮ್ಯಾನೇಜರರು ಎದ್ದೇಬಿಟ್ಟರು. ಷೆಡ್ಡಿನ ತಗಡು ಹಾರುವಂತೆ ನಗೆ ಎದ್ದಿತು. "ಗೀರಣ್ಣನಿಗೆ ಜೈ!" ಎಂದು ಮೆಕ್ಯಾನಿಕ್ ಕೂಗಿದ. ಡಾಕ್ಟ್ರಮ್ಮ ಪದಕವನ್ನು ಗೀರಣ್ಣನ ಎದೆಗೆ ಚುಚ್ಚುವಾಗ ಅವನ ಕಣ್ಣನ್ನೇ ನೋಡಿದರು. ಅವನೂ ರೆಪ್ಪೆ ಹೊಡೆಯದೆ ಅವರನ್ನೇ ನೋಡಿದ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಗಳಿಗೆಯಲ್ಲಿ ಗೀರಣ್ಣ ಎತ್ತರದಲ್ಲಿ ಡಬಲ್ ಡೆಕರ್ ಬಸ್ಸನ್ನು ಮೀರಿಸಿದ್ದ.

ಸಭೆ ಮುಗಿದ ಮೇಲೆ ಡಾಕ್ಟ್ರಮ್ಮ ಮ್ಯಾನೇಜರರ ಕೋಣೆಯಲ್ಲಿ ಟೀ ಕುಡಿಯುತ್ತ ಗೀರಣ್ಣನನ್ನೂ ಅವನ ಹೆಂಡತಿಯನ್ನೂ ಕರೆಸಿದರು.

"ಕೂತ್ಕೊಳ್ಳಿ. ನಿಜ ಹೇಳಬೇಕಂದ್ರೆ ನಾನು ಇಲ್ಲಿಗೆ ಬಂದಿದ್ದೇ ನಿಮ್ಮನ್ನ ನೋಡೋಕೆ."

"ಗೊತ್ತು ಮೇಡಂ" ಎಂದು ಗೀರಣ್ಣ ಎದೆಯುಬ್ಬಿಸಿದ. "ನೋಡಿದ್ರಲ್ಲ? ಒಂದೇ ಒಂದು ಸಲಾನೂ ಕಣ್ಣು ಮುಚ್ಚಲಿಲ್ಲ. ನನ್ನ ಸ್ಟೇರಿಂಗ್ ಮಾತ್ರ ಕಿತ್ಕೋಬೇಡಿ."

"ಸ್ಟೇರಿಂಗಾ? ಅದನ್ನ ಯಾರ್ರೀ ಕಿತ್ಕೊಳ್ತಾರೆ? ನಾನು ಬಂದಿದ್ದು ಯಂತ್ರದ ವಿಷಯಕ್ಕೆ. ಇವತ್ತು ಬೆಳಗ್ಗೆ ಬಂತು. ನನ್ನ ಕಾರಲ್ಲೇ ಇದೆ."

ಗೀರಣ್ಣನ ಬಾಯಿ ತೆರೆದುಕೊಂಡಿತು. ಹೆಂಡತಿ ಅವನ ತೋಳು ಹಿಡಿದಳು.

"ಆದರೆ ಬಂದಿರೋದು ಒಂದೇ. ಕಾಯ್ತಿರೋರು ಇಬ್ಬರು. ಇಬ್ಬರೂ ಇದೇ ಡಿಪೋದೋರು, ಇಬ್ಬರದೂ ಒಂದೇ ಥರ ರಿಪೋರ್ಟು. ಯಾರಿಗೆ ಮೊದಲು ಕೊಡೋದು ಅಂತ ತಲೆಕೆಟ್ಟುಹೋಗಿತ್ತು. ಊಟ ಆದ ಮೇಲೆ ಉದ್ದ ಭಾಷಣ ಕೇಳಿಸಿ ನೋಡಿದ್ರೆ ಗೊತ್ತಾಗುತ್ತೆ ಅಂತ ನಾನೇ ಈ ಹೊತ್ತಿಗೆ ಸಭೆ ಇಡಿಸಿದೆ."

ಮೂಲೆಯಲ್ಲಿ ಮ್ಯಾನೇಜರರು ಕೆಮ್ಮಿದರು. ಅವರ ಮುಖ ಕೆಂಪಾಗಿತ್ತು. "ನಾನೂ... ಗುಟ್ಟಾಗಿ ತೋರಿಸ್ಕೊಂಡಿದ್ದೆ ಕಣ್ರೀ ಗೀರಣ್ಣ. ಮ್ಯಾನೇಜರು ತೂಕಡಿಸ್ತಾನೆ ಅಂದ್ರೆ ಯಾರು ಬೆಲೆ ಕೊಡ್ತಾರೆ ಹೇಳಿ?"

"ಇವರು ನಾನು ಮಾತಾಡ್ತಿರೋವಾಗಲೇ ಮಲಗಿಬಿಟ್ರು. ನೀವು ನೋಡಿದ್ರೆ ಗರುಡಗಂಬದ ಹಾಗೆ ಕೂತಿದ್ರಿ. ನನ್ನ ಸರ್ವಿಸಿನಲ್ಲಿ ಇಂಥ ಎಚ್ಚರದ ರೋಗೀನ ನೋಡೇ ಇಲ್ಲ!" ಡಾಕ್ಟ್ರಮ್ಮ ಎದ್ದು ಅವನ ಕೈ ಕುಲುಕಿದರು. "ನಿಮಗೆ ಅಷ್ಟೇನೂ ಅವಸರ ಇಲ್ಲ ಬಿಡಿ. ಇನ್ನೊಂದು ಬಂದಾಗ ಹೇಳಿ ಕಳಿಸ್ತೀವಿ. ಅಲ್ಲೀತನಕ ಅದೇ ವಿಚಾರಣೆ ಕಿಟಕಿ."

ಸಂಜೆ ಗಂಡಹೆಂಡತಿ ಬಸ್ಸು ಹತ್ತಿ ಮನೆಗೆ ಹೊರಟರು. ಹೆಂಡತಿ ಗಂಡನನ್ನು ಕಿಟಕಿಯ ಕಡೆಗೆ ಸರಿಸಿ ಪಕ್ಕದಲ್ಲಿ ಕೂತಳು. ಆಮೇಲೆ ಒಮ್ಮೆಲೇ ಸಿಡಿದಳು.

"ತುತ್ತು ಬಾಯಲ್ಲಿಟ್ಕೊಂಡು ಮಲಗ್ತೀರಿ. ಸ್ನಾನಕ್ಕೆ ಹೋದ್ರೆ ಬಕೆಟ್ ಮೇಲೆ ಮಲಗ್ತೀರಿ. ಇವತ್ತೊಂದು ದಿನ, ಆಯಮ್ಮನ ಮುಂದೆ ಒಂದೇ ಒಂದು ಸಲ ತೂಕಡಿಸೋಕೆ ನಿಮಗೇನ್ರೀ ಬಂದಿತ್ತು ರೋಗ?"

ಗೀರಣ್ಣ ಎದುರಿನ ಗಾಜಿನಾಚೆ ರಸ್ತೆಯನ್ನು ನೋಡಿದ. ಡ್ರೈವರು ತಿರುವಿನಲ್ಲಿ ಹಿತವಾಗಿ ಗೇರು ಬದಲಿಸಿದ. ಗೀರಣ್ಣ ಮೆಚ್ಚಿ ತಲೆದೂಗಿದ.

"ನಿನಗೆ ಅರ್ಥ ಆಗಲ್ಲ ಕಣೇ. ಅಷ್ಟು ಜನ ನೋಡ್ತಿರೋವಾಗ ಸೀಟಲ್ಲಿ ಕೂತ್ಕೊಂಡು ನಿದ್ದೆ ಮಾಡೋದಾ? ಯಂತ್ರ ಹೋದ್ರೆ ಹೋಗ್ಲಿ. ಎಷ್ಟಾದ್ರೂ ನಾನು ಡ್ರೈ..."

ಮಾತು ಅಲ್ಲಿಗೇ ನಿಂತಿತು. ತಲೆ ಹಿಂದಕ್ಕೆ ಬಿತ್ತು, ಬಾಯಿ ತೆರೆಯಿತು, 'ಗರ್‌ರ್‌ರ್' ಎಂದು ಹೊರಟ ಸದ್ದಿಗೆ ಬಸ್ಸಿನ ಇಂಜಿನ್ನೇ ನಾಚಿಕೊಂಡಿತು. ಮುಂದಿನ ಸೀಟಿನವರು ತಿರುಗಿ ನೋಡಿದರು. ಹಿಂದಿನವರು ಬಗ್ಗಿ ನೋಡಿದರು. ಯಾರೋ ಹುಡುಗಿಯರು ನಕ್ಕರು.

ಹೆಂಡತಿ ಗಂಡನ ಎದೆಯ ಮೇಲೆ ಓರೆಯಾಗಿದ್ದ ಪದಕವನ್ನು ನೆಟ್ಟಗೆ ಮಾಡಿದಳು. ಅವನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡು, ಇಡೀ ಬಸ್ಸಿಗೆ ಕೇಳಿಸುವಂತೆ ಹೇಳಿದಳು:

"ಏನು ನೋಡ್ತೀರಿ? ಡ್ರೈವರ್ ಅವರು. ಡ್ಯೂಟಿ ಮುಗಿಸಿ ಮಲಗಿದಾರೆ."