ಬಿಸ್ಕತ್ತು ಗಾನಮೇಳದಲ್ಲಿ ಕಾಣಬಾರದ ಮುಖ

ಸಂಗೀತಕ್ಕೆ ಬಣ್ಣವಿಲ್ಲ ಎಂಬುದು ನ್ಯೂಯಾರ್ಕಿನ ಆ ಟೆಲಿವಿಷನ್ ಕಂಪನಿಯ ಘೋಷಿತ ನೀತಿ. ನೀತಿಗೆ ಭಂಗ ಬರಬಾರದೆಂದೇ, ಸಾವಿರದ ಒಂಬೈನೂರ ಐವತ್ತರಲ್ಲಿ ಶುರುವಾದ 'ಬಿಸ್ಕತ್ತು ಗಾನಮೇಳ'ದಲ್ಲಿ ಪಿಯಾನೊ ನುಡಿಸುವವನ ಮುಖ ತೋರಿಸಬಾರದು ಎಂದು ತೀರ್ಮಾನವಾಯಿತು.

ನುಡಿಸುವವನು ಹಾರ್ಲೆಮ್ಮಿನ ಲೂಷಿಯಸ್ ಟಾಲಿವರ್, ಕರಿಯ. ಕಾರ್ಯಕ್ರಮದ ಖರ್ಚು ಒಂದು ಬಿಸ್ಕತ್ತು ಕಂಪನಿಯದು. ಅದರ ಬಿಸ್ಕತ್ತು ತಿನ್ನುವ ಅಮೆರಿಕದ ದಕ್ಷಿಣ ರಾಜ್ಯಗಳ ಬಿಳಿಯರು ಕರಿಯರ ಕೈಯಲ್ಲಿ ಅಡುಗೆ ಮಾಡಿಸಿ ಉಣ್ಣುತ್ತಾರೆ, ಮಕ್ಕಳನ್ನು ಸಾಕಿಸುತ್ತಾರೆ, ಒಳಬಟ್ಟೆ ಒಗೆಸುತ್ತಾರೆ. ಆದರೆ ನಡುಮನೆಯ ಪೆಟ್ಟಿಗೆಯೊಳಗೆ ಕರಿಯನೊಬ್ಬ ಕೋಟು ತೊಟ್ಟು ಕುಳಿತರೆ ಅವರಿಗೆ ಅಜೀರ್ಣವಾಗುತ್ತದೆ. ಗಿರಾಕಿಯ ಹೊಟ್ಟೆ ಕಾಪಾಡುವುದು ಬಿಸ್ಕತ್ತು ಮಾರುವವರ ಮೊದಲ ಧರ್ಮ.

"ಸಾರ್, ನಮ್ಮಮ್ಮ ಅಟ್ಲಾಂಟದಲ್ಲಿ ಇಸ್ತ್ರಿ ಮಾಡೋ ಮನೇಲಿ ಟೆಲಿವಿಷನ್ ಇದೆ," ಎಂದ ಲೂಷಿಯಸ್. "ಅವಳು ನನ್ನ ಮುಖ ನೋಡಿ ವರ್ಷಗಳೇ ಆದವು. ಒಂದೇ ಒಂದು ಸಲ ತೋರಿಸಿ, ಸಾಕು."

"ಕೈ ತೋರಿಸ್ತೀವಲ್ಲಯ್ಯಾ," ಎಂದರು ನಿರ್ಮಾಪಕ ಹಾಲ್ಡೇನ್. "ಹೆತ್ತವಳು, ಬೆರಳು ಗುರುತು ಹಿಡಿಯಲ್ವಾ?"

ಕೈಗಳು ಪ್ರಸಾರವಾದವು. ಕೈಗೂ ಬಣ್ಣವಿದೆ ಎಂದು ದಕ್ಷಿಣದಿಂದ ದೂರು ಬಂತು. ಮುಂದಿನ ವಾರ ಬಿಳಿ ಗವಸು ತೊಡಿಸಿದರು. ಗವಸಿನ ಬೆರಳು ಜಾರಿತು. ಮೇಳದ ಹಾಡುಗಾರ್ತಿ ಹಾಡಿನಲ್ಲಿ ಮುಂದೆ ಓಡಿದಳು, ಪಿಯಾನೊ ಹಿಂದೆ ಕುಂಟುತ್ತ ಬಂತು. ಇದು ಹೊಸ ಶೈಲಿ ಎಂದು ಕಂಪನಿ ಪ್ರಕಟಿಸಿತು, ಪತ್ರಿಕೆಗಳು ಮೆಚ್ಚಿ ಬರೆದವು. ದಕ್ಷಿಣ ಮೆಚ್ಚಲಿಲ್ಲ. ಗವಸಿನೊಳಗೆ ಯಾರಿದ್ದಾರೆ ಎಂದು ಕೇಳಿತು.

ಆಗ ಬಿಸ್ಕತ್ತು ಮಾಲೀಕರ ಅಳಿಯ ಚೆಸ್ಟರ್ ಬಿಡ್ಲ್ ಅವರನ್ನು ತಂತಿ ಕಿತ್ತ ಪಿಯಾನೊ ಮುಂದೆ ಕೂರಿಸಲಾಯಿತು. ಲೂಷಿಯಸ್ ಪರದೆಯ ಹಿಂದೆ ಕುಳಿತು ನುಡಿಸತಕ್ಕದ್ದು. ಬಿಡುವಿನಲ್ಲಿ ಅಳಿಯಂದಿರಿಗೆ ತಲೆದೂಗುವುದನ್ನು ಕಲಿಸತಕ್ಕದ್ದು.

"ಇಲ್ಲಿ ಕಣ್ಣು ಮುಚ್ಚಲೇನಯ್ಯಾ?" ಎಂದು ಚೆಸ್ಟರ್ ಕೇಳಿದರು.

"ನಿಮ್ಮಿಷ್ಟ ದೊರೆ. ನಿದ್ದೆ ಹೋದರೂ ಪಿಯಾನೊ ನಿಲ್ಲಲ್ಲ."

ಚೆಸ್ಟರ್ ಅವರ ಬೆರಳುಗಳಲ್ಲಿ ಆತ್ಮವಿದೆ ಎಂದು ಅಭಿಮಾನಿಗಳು ಬರೆದರು. ಚೆಸ್ಟರ್ ಅದನ್ನು ನಂಬಿದರು.

ಲೂಷಿಯಸನ ತಾಯಿ ಒಫೀಲಿಯಾ ಫೋನ್ ಮಾಡಿದಳು. "ಸ್ವರ ಕೇಳಿದ ಕೂಡಲೇ ನೀನೇ ಅಂತ ಗೊತ್ತಾಯ್ತು ಕಣೋ. ನುಡಿಸ್ತಿರೋನು ನನ್ನ ಮಗ ಅಂತ ಅಮ್ಮಾವ್ರಿಗೆ ಹೇಳ್ದೆ. ಪೆಟ್ಟಿಗೇಲಿ ನೋಡಿದ್ರೆ ಬಿಳಿ ದೊರೆ! ಮನೆಯವರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕರು. ಇನ್ನೊಂದ್ಸಲ ಸುಳ್ಳು ಹೇಳಿದ್ರೆ ಕೆಲಸಕ್ಕೆ ಬರಬೇಡ ಅಂದ್ರು."

ಮರುವಾರ, ನೇರ ಪ್ರಸಾರದ ನಡುವೆ, ಲೂಷಿಯಸ್ ಪರದೆ ಸರಿಸಿ ಹೊರಗೆ ಬಂದ. ಪಿಯಾನೊ ನಿಂತಿತು, ಚೆಸ್ಟರ್ ಮಾತ್ರ ಕಣ್ಣು ಮುಚ್ಚಿ ನುಡಿಸುತ್ತಲೇ ಇದ್ದರು. ಲೂಷಿಯಸ್ ಕ್ಯಾಮೆರಾ ಮುಂದೆ ನಿಂತು, "ಅಮ್ಮಾ, ನಾನೇ" ಎಂದ.

"ಡಬ್ಬಿ! ಡಬ್ಬಿ ತೋರಿಸ್ರೋ!" ಎಂದು ಹಾಲ್ಡೇನ್ ಕಿರುಚಿದರು. ಉಳಿದ ಹೊತ್ತೆಲ್ಲ ದೇಶವು ಬಿಸ್ಕತ್ತು ಡಬ್ಬಿಯನ್ನು ನೋಡಿತು.

ಬೆಳಗ್ಗೆ ಪ್ರಕಟಣೆ ಹೊರಬಿತ್ತು: "ನಿನ್ನೆಯ ಗಾನಮೇಳದಲ್ಲಿ ಆಕ್ಷೇಪಾರ್ಹ ವ್ಯಕ್ತಿ ಯಾರೂ ಕಾಣಿಸಿಕೊಂಡಿಲ್ಲ. ಕಂಡವರು, ತಾವು ಕಂಡಿಲ್ಲವೆಂದು ತಿಳಿಯತಕ್ಕದ್ದು."

ದಕ್ಷಿಣಕ್ಕೆ ಸಮಾಧಾನವಾಯಿತು. ಡಬ್ಬಿಯ ಬಗ್ಗೆ ಒಂದೂ ದೂರು ಬರಲಿಲ್ಲ. ಡಬ್ಬಿಯೇ ಸಾಕಾಗುವಾಗ ಸಂಗೀತದ ಖರ್ಚೇಕೆ ಎಂದು ಗಾನಮೇಳವನ್ನು ಗೌರವಪೂರ್ವಕವಾಗಿ ಮುಚ್ಚಲಾಯಿತು. ಹಾಡುಗಾರ್ತಿಯನ್ನೂ ಲೂಷಿಯಸನನ್ನೂ ಮನೆಗೆ ಕಳಿಸಿದರು. ಚೆಸ್ಟರ್ ಅವರಿಗೆ ಬೇರೊಂದು ಕಾರ್ಯಕ್ರಮ ಸಿಕ್ಕಿತು. ಅದರಲ್ಲಿ ಅವರು ಪಿಟೀಲು ವಿದ್ವಾಂಸರು.

ಒಫೀಲಿಯಾ ಮತ್ತೆ ಫೋನ್ ಮಾಡಿದಳು.

"ಪೆಟ್ಟಿಗೇಲಿ ಏನಾದ್ರೂ ನೋಡಿದ್ಯಾ ಅಂತ ಅಮ್ಮಾವ್ರು ಕೇಳಿದ್ರು. ಏನೂ ನೋಡ್ಲಿಲ್ಲ ಅಂದೆ. ಅವರೂ ಏನೂ ನೋಡ್ಲಿಲ್ವಂತೆ. ಕೆಲಸ ಉಳೀತು."

"ಒಳ್ಳೇದಾಯ್ತಮ್ಮ."

"ಹ್ಞೂಂ. ಅಲ್ಲ ಕಣೋ, ಹಾಗೆ ಮುಂದೆ ಬಂದು ನಿಲ್ಲೋ ಮುಂಚೆ ಮುಖದ ಬೆವರು ಒರೆಸ್ಕೋಬಾರದಾ? ಎಷ್ಟು ಸೊರಗಿಹೋಗಿದ್ದೀಯೋ!"