ಅತ್ತೆಯವರ ಕಾಲ್ಗುಣ

ಹಳೆಯ ಕಾರು ಇಟ್ಟುಕೊಂಡವನಿಗೆ ದೇವರ ಮೇಲಿನ ಭಕ್ತಿ ತಾನಾಗಿಯೇ ಬೆಳೆಯುತ್ತದೆ. ನಾನಂತೂ ಕೀಲಿ ತಿರುಗಿಸುವ ಮೊದಲು ಕೈಮುಗಿಯುತ್ತೇನೆ. ಎಂಜಿನ್ ಶುರುವಾದರೆ ಕೃತಜ್ಞತೆಗೆಂದು ಇನ್ನೊಮ್ಮೆ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕಾರಕೂನನಾದ ನಾನು ಇದನ್ನು ಕೊಳ್ಳುವ ಹೊತ್ತಿಗಾಗಲೇ ಮೊದಲ ಯಜಮಾನರಿಗೆ ಇದರಿಂದ ಸಾಕುಸಾಕಾಗಿತ್ತು. ಆದರೂ ಹೆಂಡತಿ ಶೋಭಾ ಒಂದು ದಿನವೂ ಇದನ್ನು ಬೈದವಳಲ್ಲ. ಮನೆಯಲ್ಲಿ ಬೈಯಲು ನಾನಿದ್ದೇನಲ್ಲ.

ಕೆಟ್ಟು ನಿಲ್ಲುವ ಕಾರಿನ ಕಷ್ಟ ಎಲ್ಲರಿಗೂ ಗೊತ್ತು. ನನ್ನದು ನಿಲ್ಲುತ್ತಿರಲಿಲ್ಲ, ಗಾಬರಿಯಾಗುತ್ತಿತ್ತು. ಹಳಿಯಾಳದ ದಾರಿಯಲ್ಲಿ ಸರಾಗವಾಗಿ ಹೋಗುತ್ತಿರುವಾಗ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆಲೇ ಹತ್ತಿಕೊಂಡು, ವೇಗದ ಮುಳ್ಳು ಸೊನ್ನೆಗೆ ಬಿದ್ದು, ಸ್ಟಿಯರಿಂಗ್ ಬೀಸುವ ಕಲ್ಲಿನಷ್ಟು ಭಾರವಾಗಿಬಿಡುತ್ತಿತ್ತು. ತುಸು ಹೊತ್ತಿಗೆ, ಏನೂ ಆಗೇ ಇಲ್ಲವೆಂಬಂತೆ ಎಲ್ಲ ಸರಿ. ಗ್ಯಾರೇಜಿನ ಬಸವರಾಜ ಸ್ಕ್ಯಾನರ್ ಹಚ್ಚಿ ನೋಡಿದ. "ಸರ, ಬ್ರೇಕಿನ ಕಂಪ್ಯೂಟರ್ ಎಂಜಿನ್ ಕಂಪ್ಯೂಟರ್ ಜೋಡಿ ಮಾತಾಡೂದು ನಡುನಡುವ ಬಿಟ್ಟಬಿಡ್ತೈತ್ರಿ. ಯಾಕ ಬಿಡ್ತೈತಿ ಅನ್ನೂದು ಇದರಾಗ ತೋರಸಂಗಿಲ್ಲ," ಎಂದ. ನನ್ನ ಕಾರಿನೊಳಗೆ ಇಷ್ಟೊಂದು ಕಂಪ್ಯೂಟರುಗಳಿವೆ ಎಂಬುದೇ ನನಗೆ ಹೊಸ ಸುದ್ದಿ. ಕೊಂಚ ಹೆಮ್ಮೆಯೂ ಆಯಿತು. ಬ್ಯಾಟರಿ ಬದಲಿಸಿದೆವು, ಚಕ್ರದ ಸೆನ್ಸರ್ ಬದಲಿಸಿದೆವು. ಗ್ಯಾರೇಜಿನಲ್ಲಿ ಸಾಧುವಾಗಿರುತ್ತಿದ್ದ ಕಾರು ದಾರಿಗಿಳಿದರೆ ಮತ್ತೆ ಅದೇ ಹಾಡು.

ಈ ಕಾಯಿಲೆ ಶುರುವಾದದ್ದು ಮಳೆಗಾಲ ಮುಗಿಯುತ್ತಲೂ, ಮುಂಡಗೋಡದಿಂದ ನಮ್ಮ ಅತ್ತೆಯವರು ಬರುತ್ತಲೂ. ಎರಡನೆಯ ಮಾತನ್ನು ನಾವ್ಯಾರೂ ಆಡಿರಲಿಲ್ಲ. ಅತ್ತೆಯವರಿಗೆ ಕಣ್ಣಿನ ಪೊರೆ ಬಲಿತಿತ್ತು. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿಸಿ, ಮಗಳ ಆರೈಕೆಯಲ್ಲಿ ಇರುವುದೆಂದು ನಿಶ್ಚಯವಾಗಿತ್ತು. ಆದರೆ ಒಂದು ಬೆಳಿಗ್ಗೆ ನೋಡಿದರೆ ಅವರು ಚೀಲ ಕಟ್ಟಿಕೊಂಡು ಕೂತಿದ್ದಾರೆ.

"ನಾ ಊರಿಗೆ ಹೋಗ್ತೇನಿ. ಅಲ್ಲಿಂದ ಹುಬ್ಬಳ್ಳಿಗೆ ಬಸ್ ಅದಾವ," ಎಂದರು.

"ಯಾಕವ್ವ? ಏನಾತು?" ಎಂದಳು ಶೋಭಾ.

"ನೀವಿಬ್ರ ಸಂತಿಗೆ ಹೋದ್ರ ಕಾರಿಗೆ ಏನೂ ಆಗೂದಿಲ್ಲ. ನಾ ಕುಂತ್ರ ಕೆಂಪ ದೀಪ ಹತ್ತತಾವು. ಮದುವ್ಯಾಗಿ ಬಂದ ವರ್ಷ ಹಟ್ಟ್ಯಾಗಿನ ಎಮ್ಮಿ ಸತ್ತಾಗ ಮಂದಿ ನನ್ನ ಕಾಲ್ಗುಣ ಅಂದಿದ್ರು. ಸುಳ್ಳಲ್ಲ ಬಿಡು."

ಅವರ ಲೆಕ್ಕ ಸರಿಯಾಗಿಯೇ ಇತ್ತು ಎಂಬುದೇ ದೊಡ್ಡ ಸಂಕಟ. ಶೋಭಾ ಮಾತ್ರ ಚೀಲವನ್ನು ಕಸಿದು ಒಳಗಿಟ್ಟಳು. "ನಮ್ಮವ್ವನ್ನ ಮನಿ ಬಿಡಸಾಕ ಈ ಕಾರ್ ಯಾರು? ನಡೀರಿ, ಇವತ್ತ ನೋಡೇ ಬಿಡೂಣು!"

ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಇಟ್ಟು ಪರೀಕ್ಷೆ ನಡೆಯಿತು. ಚಾಲಕನ ಪಕ್ಕದ ಸೀಟಿನಲ್ಲಿ ಶೋಭಾ ಕೂತಳು, ಏನಿಲ್ಲ. ನಾನು ಕೂತೆ, ಸ್ವಲ್ಪ ಕುಣಿದೂ ನೋಡಿದೆ, ಏನಿಲ್ಲ. ಅತ್ತೆಯವರು ಅಪರಾಧಿಯಂತೆ ತಲೆ ತಗ್ಗಿಸಿ ಕೂತರು. ಕ್ಷಣ ಹೊತ್ತು ಏನೂ ಇಲ್ಲ. ಆಮೇಲೆ ಭಗ್ಗನೆ ಎಲ್ಲ ದೀಪಗಳೂ! ಬಸವರಾಜ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ.

"ಅವ್ವಾ," ಎಂದಳು ಶೋಭಾ, "ಈಗ ಕಾಲ ಚಾಚಿದೆಲ್ಲ, ಅದನ್ನ ಹಿಂದಕ್ಕ ತಗೋ."

ಮೊಣಕಾಲು ನೋವಿನ ಅತ್ತೆಯವರು ಕಾಲು ಚಾಚಿ ಬಾಗಿಲ ಬದಿಯ ಮೂಲೆಗೆ ಒತ್ತಿ ಇಟ್ಟಿದ್ದರು. ಹಿಂದಕ್ಕೆ ತೆಗೆದರು, ದೀಪ ಆರಿದವು. ಚಾಚಿದರು, ಹತ್ತಿದವು.

ಬಸವರಾಜ ಆ ಮೂಲೆಯ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದ. ಒಳಗೆ ವಾಯರುಗಳು ಕೂಡುವ ಜೋಡಣೆ ಹಸಿರು ಕಿಲುಬು ಹಿಡಿದು ಸಡಿಲಾಗಿತ್ತು. ಮಳೆಗಾಲವಿಡೀ ಕಾರನ್ನು ಸಾಗವಾನಿ ಮರದ ಕೆಳಗೆ ನಿಲ್ಲಿಸಿದ್ದರಿಂದ, ಎದುರಿನ ಗಾಜಿನ ಬುಡದಲ್ಲಿ ನೀರು ಹರಿದುಹೋಗುವ ಕಿಂಡಿಗೆ ಎಲೆ ಕೂತು, ನೀರು ಒಳಗಿಳಿದಿತ್ತು. ಮರದ ನೆರಳು ಆರಿಸಿದ ಜಾಣ ನಾನೇ.

"ಅಮ್ಮಾರ, ನಿಮ್ಮ ಕಾಲಿನಿಂದನ ಇದು ಸಿಕ್ತ ನೋಡ್ರಿ," ಎಂದ ಬಸವರಾಜ. "ಇಲ್ಲಾಂದ್ರ ಪೂರಾ ಕಾರ್ ಬಿಚ್ಚಬೇಕಾಗಿತ್ತು."

ಅತ್ತೆಯವರು ಬಹಳ ಹೊತ್ತು ಆ ವಾಯರುಗಳ ಕಡೆಗೇ ನೋಡುತ್ತ ಕೂತರು. ಕಣ್ಣಿಗೆ ಎಷ್ಟು ಕಂಡಿತೋ ಗೊತ್ತಿಲ್ಲ. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು, "ಹಂಗಾರ ಆ ಎಮ್ಮಿಗೂ ಬ್ಯಾರೆ ಏನರ ರೋಗ ಇತ್ತೇನೋ," ಎಂದರು. ಶೋಭಾ ಅವರ ಕೈ ಹಿಡಿದುಕೊಂಡಳು.

ಜೋಡಣೆ ಹೊಸದಾಯಿತು. ದೀಪಗಳು ಮತ್ತೆ ಹತ್ತಲಿಲ್ಲ. ಆಪರೇಷನ್ನೂ ಸುಸೂತ್ರ ಮುಗಿಯಿತು. ಪಟ್ಟಿ ಬಿಚ್ಚಿಸಿಕೊಂಡು ಹುಬ್ಬಳ್ಳಿಯಿಂದ ಮರಳುವಾಗ ಅತ್ತೆಯವರು ಕರಿ ಕನ್ನಡಕ ಹಾಕಿಕೊಂಡು, ಮುಂದಿನ ಸೀಟಿನಲ್ಲಿ ಹಾಯಾಗಿ ಕಾಲು ಚಾಚಿ ಕೂತು, ಹೊಲ ಗಿಡ ಎಲ್ಲ ನೋಡುತ್ತಿದ್ದರು. ಹಳಿಯಾಳದ ಹತ್ತಿರ ಕಬ್ಬು ಹೇರಿದ ಟ್ರ್ಯಾಕ್ಟರೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಅದು ಮರೆಯಾಗುವ ತನಕ ನೋಡಿ ನನ್ನ ಕಡೆ ತಿರುಗಿದರು.

"ಅಳಿಯಂದ್ರ, ಕಾರ್ ಕೆಟ್ಟೈತಿ, ಅದಕ್ಕ ಇಷ್ಟ ಸಾವಕಾಶ ಹೋಗ್ತೈತಿ ಅಂತ ತಿಳಕೊಂಡಿದ್ದೆ. ಈಗ ಕಾರ್ ಚೊಲೊ ಆಗೇತೆಲ್ರಿ?"

ಹಿಂದಿನ ಸೀಟಿನಲ್ಲಿ ಶೋಭಾಳಿಗೆ ಜೋರು ಕೆಮ್ಮು ಬಂತು. "ಕಾರ್ ಚೊಲೊ ಐತ್ರಿ ಅತ್ತ್ಯಾರ," ಎಂದೆ. ಕಾರು ಹೊಡೆಯುವವನ ಬಗ್ಗೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.