ಸೊಟ್ಟ ಬಾಗಿಲು, ಅತ್ತೆಯ ದೀಪ

ಹುಸೇನಪ್ಪನ ಸಂಸಾರಕ್ಕೆ ಅಡ್ಡ ನಿಂತದ್ದು ಒಂದು ಬಾಗಿಲು. ಲಿಂಗಸುಗೂರಿನಲ್ಲಿ ಅವನು ಹಿಡಿದ ಬಾಡಿಗೆ ಮನೆಯ ಪಡಸಾಲೆಗೂ ಒಳಕೋಣೆಗೂ ನಡುವೆ, ಜಾಗ ಉಳಿಯಲೆಂದು ಮಾಲೀಕರು ಪಕ್ಕಕ್ಕೆ ಸರಿಸುವ ಬಾಗಿಲು ಹಾಕಿಸಿದ್ದರು. ಹೋದ ಮಳೆಗಾಲದಲ್ಲಿ ಪ್ಲೈವುಡ್ಡು ನೀರು ಕುಡಿದು ಉಬ್ಬಿ, ಒಣಗುವಾಗ ಬಿಲ್ಲಿನ ಹಾಗೆ ಬಾಗಿಬಿಟ್ಟಿತು. ಈಗ ಎಷ್ಟು ಎಳೆದರೂ ಚೌಕಟ್ಟಿನ ಪಕ್ಕ ಕೈ ತೂರುವಷ್ಟು ಸಂದು. ಚಳಿಗಾಲದ ಗಾಳಿ ಪಡಸಾಲೆಯ ಗ್ರಿಲ್ಲಿನಿಂದ ನುಗ್ಗಿ, ಆ ಸಂದಿನಲ್ಲಿ ಸಿಳ್ಳೆ ಹಾಕುತ್ತಾ ಒಳಕ್ಕೆ ಹೋಗುತ್ತಿತ್ತು. ಬಡಿಗನನ್ನು ಕೇಳಿದರೆ ಸಂಕ್ರಾಂತಿ ಕಳೆಯಲಿ ಎಂದಿದ್ದ.

ಆದರೆ ಅತ್ತೆ ಕಲ್ಯಾಣಮ್ಮ ಸಂಕ್ರಾಂತಿಗೆ ಕಾಯುವ ಪೈಕಿ ಅಲ್ಲ. ಹೆಂಡತಿ ಗಾಯತ್ರಿ ಬಾಣಂತನಕ್ಕೆ ಹೋಗಿದ್ದ ಪಾಮನಕಲ್ಲೂರಿನಿಂದ ಬೆಳಿಗ್ಗೆ ಫೋನು ಬಂತು.

"ಅಳ್ಯಾರ, ಸಂಜಿಮುಂದ ಗಾಯತ್ರಿನ್ನೂ ಕೂಸಿನ್ನೂ ಕರ್ಕೊಂಡು ಬರ್ತೀನಿ. ದೀಪಾವಳಿಗೆ ಬಂದಾಗ ಆ ಬಾಗಲಾ ನೋಡೀನಿ. ಬಾಣಂತಿಗೆ ಗಾಳಿ ತಾಗಬಾರ್ದು. ಸಂದಿನ ಮುಂದ ದೀಪ ಹಿಡಿತೀನಿ. ಅಲಗಾಡ್ತು ಅಂದ್ರ ಬಂದ ದಾರಿಗೆ ವಾಪಸ್. ಆಮ್ಯಾಗ ಯುಗಾದಿ ಮಾತು."

"ಅಲಗಾಡಂಗಿಲ್ರೀ ಅತ್ತಿಯಾರ," ಎಂದ ಹುಸೇನಪ್ಪ. ಅನ್ನುವಾಗ ಅವನ ಧ್ವನಿಯೇ ಅಲುಗಾಡಿತು.

ಮಗಳನ್ನು ಅವನು ಸರಿಯಾಗಿ ನೋಡಿದ್ದು ತೊಟ್ಟಿಲಿಗೆ ಹಾಕಿದ ದಿನ, ಅದೂ ಹೆಂಗಸರ ಭುಜಗಳ ಮೇಲಿಂದ. ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸಕ್ಕೆ ನೆಲದಡಿಗೆ ಇಳಿದಾಗ ಕೂಸಿನ ಮುಖ ನೆನಪಿಸಿಕೊಳ್ಳಲು ಹೋದರೆ ಬರೀ ತಲೆಗೆ ಕಟ್ಟಿದ ಕೆಂಪು ಕುಂಚಿಗೆ ಕಣ್ಣಿಗೆ ಬರುತ್ತಿತ್ತು. ಒಳಗೆ ಮುಖ ಇರುತ್ತಿರಲಿಲ್ಲ. ಅದು ಅವನನ್ನು ಬಹಳ ಕಾಡಿತ್ತು. ಇವತ್ತು ವಾರದ ರಜೆ. ಬಾಗಿಲೊಂದು ಮಾನ ಕಾಪಾಡಿದರೆ ರಾತ್ರಿ ಮಗಳು ಅವನ ಪಕ್ಕದಲ್ಲಿ ಮಲಗುತ್ತಾಳೆ.

ಮೈದಾಹಿಟ್ಟು ಕುದಿಸಿ ಅಂಟು ಮಾಡಿದ. ಹಳೆ ಪೇಪರನ್ನು ಪದರು ಪದರಾಗಿ ಮಡಚಿ ಸಂದಿಗೆ ಮೆತ್ತಿದ. ನೋಡಲು ಚೆಂದವೇ ಆಯಿತು. ಆ ಖುಷಿಗೆ ಓಣಿಯ ಮೂಲೆಗೆ ಹೋಗಿ ಚಹಾ ಕುಡಿದು ಬಂದರೆ, ಎದುರುಮನೆ ಗ್ಯಾನಮ್ಮನ ಮೇಕೆ ಪಡಸಾಲೆಯಲ್ಲಿ ನಿಂತು ಕೊನೆಯ ಪದರು ಅಗಿಯುತ್ತಿತ್ತು. ಮೈದಾದ ರುಚಿಗೆ ಬಾಗಿಲನ್ನೂ ಒಮ್ಮೆ ನೆಕ್ಕಿತು.

"ಗ್ಯಾನವ್ವ! ನಿನ್ನ ಆಡು ನನ್ನ ಸಂಸಾರ ತಿಂದೈತಿ ನೋಡು!"

ಗ್ಯಾನಮ್ಮ ಓಡಿಬಂದಳು. "ಕಾಗದಾ ತಿಂದ್ರ ಅದಕ್ಕ ಹೊಟ್ಟಿ ನೋಯಂಗಿಲ್ಲೇನಪಾ?" ಎಂದು ಮೊದಲು ಆಡಿನ ಬಗ್ಗೆ ಮರುಗಿದಳು. ಆಮೇಲೆ ವಿಷಯ ತಿಳಿದು, ಹರಿದ ಕೌದಿಯೊಂದನ್ನು ತಂದು ತಾನೇ ಸಂದಿಗೆ ತುರುಕಿದಳು. ಬಾಗಿಲು ಸರಿಸಿದೊಡನೆ ಕೌದಿ ಕೆಳಗೆ ಬಿತ್ತು. ಮತ್ತೆ ತುರುಕಿದಳು, ಮತ್ತೆ ಬಿತ್ತು.

ಅಷ್ಟರಲ್ಲಿ ಪಕ್ಕದ ಪಂಕ್ಚರ್ ಅಂಗಡಿಯ ಜಂಗ್ಲಿಸಾಬ್ ಗದ್ದಲ ಕೇಳಿ ಒಳಗೆ ಬಂದ. ಬಾಗಿಲನ್ನು ಟೈರು ನೋಡುವ ಹಾಗೆ ತಟ್ಟಿ ನೋಡಿದ.

"ಹವಾ ನಿಲ್ಲಸೋದು ನನ್ನ ಕೆಲಸ ಐತಿ ಭಾಯ್. ಕೌದಿ ಒಳಗ, ಅದರ ಮ್ಯಾಲ ಸೈಕಲ್ ಟ್ಯೂಬ್, ಅದರ ಮ್ಯಾಲ ನಿನ್ನ ಅಂಟು-ಕಾಗದ. ಖರೇ ಹೇಳ್ತೀನಿ, ಇರುವಿ ಸೈತ ಉಸಿರು ಕಟ್ಟಿ ಸಾಯ್ತೈತಿ."

"ಆದ್ರ ಬಾಗಲಾ ತೆಗಿಯಾಕ ಬರಂಗಿಲ್ಲಲ್ಲ ಚಾಚಾ?"

"ತಗಿಯೂದ್ಯಾಕ?" ಎಂದಳು ಗ್ಯಾನಮ್ಮ. "ಅಡಿಗಿಮನಿ ಕಡಿಂದ ಕ್ವಾಣಿಗೆ ಇನ್ನೊಂದು ಬಾಗಲಾ ಐತಲ್ಲ, ಅಲ್ಲಿಂದ ಅಡ್ಡಾಡ್ರಿ. ಬಡಿಗ್ಯಾ ಬರೋತನಕ ತಾನ?"

ಮಾತು ಸರಿಯಾಗಿಯೇ ಇತ್ತು. ಜಂಗ್ಲಿಸಾಬ್ ಟ್ಯೂಬು ಸೀಳಿ ಸಣ್ಣ ಮೊಳೆ ಹೊಡೆದ. ಗ್ಯಾನಮ್ಮ ಅಂಟಿಗೆ ಒಂದಿಷ್ಟು ಸಗಣಿ ಕಲಸಿದಳು. ಮೇಕೆ ಬಂದು ಮೂಸಿ, ಅವಮಾನವಾದವರಂತೆ ಮುಖ ತಿರುಗಿಸಿ ಹೋಯಿತು. ಟ್ಯೂಬು ಹಿಡಿದು ನಿಂತ ಹುಸೇನಪ್ಪನ ಎರಡು ಬೆರಳು ಸುತ್ತಿಗೆ ಏಟಿಗೆ ಬದನೆಕಾಯಿಯಾದರೂ ಸಿಳ್ಳೆ ನಿಂತಿತ್ತು.

ಸಂಜೆ ಆಟೋದಿಂದ ಮೊದಲು ಇಳಿದದ್ದು ಕಲ್ಯಾಣಮ್ಮನ ಗಂಟುಗಳು. ಹಿಂದೆ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟುಕೊಂಡ ಗಾಯತ್ರಿ. ಅವಳ ಎದೆಗೊಂದು ಕೆಂಪು ಕುಂಚಿಗೆ. ಹುಸೇನಪ್ಪ ಕೈ ಚಾಚಿದ. ಅತ್ತೆ ನಡುವೆ ಬಂದರು.

"ಮದ್ಲ ದೀಪ."

ಎಲ್ಲರೂ ಅಡುಗೆಮನೆಯಿಂದ ಕೋಣೆಗೆ ಹೋದರು. ಕಲ್ಯಾಣಮ್ಮ ಹಣತೆ ಹಚ್ಚಿ ಸಂದಿನ ಬುಡದಿಂದ ತುದಿಯವರೆಗೆ ನಿಧಾನವಾಗಿ ಎತ್ತಿದರು. ದೀಪ ಶಾಲೆಯ ಹುಡುಗನ ಹಾಗೆ ನೆಟ್ಟಗೆ ನಿಂತಿತು. ಬಾಗಿಲ ಬಳಿ ಜಂಗ್ಲಿಸಾಬ್ ಮೀಸೆ ತಿರುವಿದ.

"ಭೇಷ್ ಅಳ್ಯಾರ!" ಅತ್ತೆಯ ಕಣ್ಣು ತುಂಬಿ ಬಂತು. "ನಮ್ಮನಿಗಿಂತ ಇದ ಬೆಚ್ಚಗೈತಿ. ಮಗಳ್ನ ಬಿಟ್ಟು ರಾತ್ರಿನ ಹೊಂಡಬೇಕಂದಿದ್ದೆ. ಇಂಥ ಕ್ವಾಣಿ ಸಿಕ್ಕ ಮ್ಯಾಗ ಯಾಕ ಹೋಗ್ಲಿ? ಉಳಿದ ಬಾಣಂತನಾ ಇಲ್ಲೇ ಮಾಡ್ತೀನಿ, ಯುಗಾದಿ ತನಕ."

ಹುಸೇನಪ್ಪ ನಗಲು ನೋಡಿದ. ಅತ್ತೆ ಆಗಲೇ ಅಡುಗೆಮನೆಯಿಂದ ಕೋಣೆಗೆ ಹೋಗುವ ಹೊಸ್ತಿಲಿಗೆ ಅಡ್ಡಲಾಗಿ ಚಾಪೆ ಹಾಸುತ್ತಿದ್ದರು. ಅತ್ತೆ ಮಲಗುವ ಚಾಪೆ ದಾಟುವ ಅಳಿಯ ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

"ಕೂಸಿನ್ನ ಒಂದೀಟು ಪಡಸಾಲಿಗೆ ತಂದ್ರ..."

"ಅಲ್ಲಿ ಗಾಳಿ, ಅಳ್ಯಾರ."

ನೆರೆಯವರು ಹೋದರು. ಹುಸೇನಪ್ಪ ಪಡಸಾಲೆಯಲ್ಲಿ ರಗ್ಗು ಹೊದ್ದು, ತಾನೇ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಆ ಕಡೆ ಮಗಳು ಏನೋ ಊಂ ಊಂ ಅನ್ನುತ್ತಿದ್ದಳು. ಬೆಳಗಿನ ಆ ಸಂದು ಈಗ ಇದ್ದಿದ್ದರೆ ಕಣ್ಣಿಟ್ಟಾದರೂ ನೋಡಬಹುದಿತ್ತಲ್ಲ ಎಂದು ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಅಂಟು ಇನ್ನೂ ಹಸಿ ಇತ್ತು. ಉಗುರಿನಿಂದ ಕಾಗದ ಎಬ್ಬಿಸಿ ಟ್ಯೂಬಿನ ಅಂಚು ಸರಿಸಿದ. ಕೌದಿ ಅವನು ಮುಟ್ಟುವ ಮೊದಲೇ ಅಲ್ಲಾಡಿತು. ಒಳಗಿನಿಂದ ಯಾರೋ ಎಳೆಯುತ್ತಿದ್ದರು. ಸಂದು ತೆರೆದಾಗ ಅಲ್ಲಿ ಗಾಯತ್ರಿಯ ಕಣ್ಣಿತ್ತು.

"ನೋಡ್ರಿ," ಎಂದು ಪಿಸುಗುಟ್ಟಿ ಅವಳು ಕುಂಚಿಗೆ ಬಿಚ್ಚಿದ ಕೂಸನ್ನು ಎತ್ತಿ ಹಿಡಿದಳು. ದುಂಡು ಮುಖ, ಅವನದೇ ಚಪ್ಪಟೆ ಮೂಗು. ಹುಸೇನಪ್ಪ ಸಂದಿಗೆ ಮುಖ ಒತ್ತಿದ. ಮಗಳು ಅಪ್ಪನನ್ನು ದಿಟ್ಟಿಸಿ ನೋಡಿ, ಒಂದು ಸೀನು ಸೀನಿದಳು.

"ಅಳ್ಯಾರ!" ಅಡುಗೆಮನೆಯಿಂದ ಕಲ್ಯಾಣಮ್ಮನ ಧ್ವನಿ ಬಂತು. "ಎಲ್ಲಿಂದೋ ಗಾಳಿ ಹೊಕ್ಕೈತಿ. ದೀಪ ಹಚ್ಕೊಂಡು ಬರ್ತೀನಿ. ನಿಮ್ಮ ಕಡಿಂದ ಒಂದೀಟು ಅಂಟು ಹಚ್ರಿ!"

"ಹಚ್ಚಾಕತ್ತೀನ್ರೀ," ಎಂದು ಹುಸೇನಪ್ಪ ಅಂಟಿನ ಡಬ್ಬಿ ಎಳೆದುಕೊಂಡ.

"ಸಾವಕಾಶ ಹಚ್ರಿ," ಎಂದಳು ಗಾಯತ್ರಿ ಒಳಗಿನಿಂದ.

ಅವನು ಮೇಲಿನಿಂದ ಅಂಟಿಸುತ್ತಾ ಬಂದ. ಮಗಳ ಮುಖ ಕಾಣುವ ಜಾಗವನ್ನು ಕೊನೆಗೆ ಉಳಿಸಿಕೊಂಡ.